ಮೊದಲ ಸ್ನಾರ್ಕೆಲ್: ಆಯ್ಕೆ ಮತ್ತು ಅಭ್ಯಾಸ

ಮುಂಬಯಿ ಮೂರು ಕಡೆಗಳಲ್ಲಿ ಉಪ್ಪುನೀರಿನಿಂದ ಸುತ್ತುವರಿದ ನಗರ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಬಂದರು ಹಾಗೂ ಠಾಣೆಯ ಖಾರಿ. ದಿನನಿತ್ಯ ಕಡಲನ್ನು ಕಾಣುತ್ತ ಓಡಾಡುವ ಲಕ್ಷಾಂತರ ಜನರಲ್ಲಿ ಅದರ ಒಳಗನ್ನು ಕಂಡವರು ಮಾತ್ರ ಬಹಳ ಕಡಿಮೆ. ಈಚಿನ ವರ್ಷಗಳಲ್ಲಿ ಈ ಸ್ಥಿತಿ ನಿಧಾನವಾಗಿ ಬದಲಾಗುತ್ತಿದೆ. ರಜೆಯ ದಿನಗಳಲ್ಲಿ ಮಾಲವಣ, ಮುರುಡೇಶ್ವರ, ಲಕ್ಷದ್ವೀಪ ಅಥವಾ ಅಂಡಮಾನಿಗೆ ಹೋಗುವ ಕುಟುಂಬಗಳು ನೀರಿನ ಮೇಲೆ ತೇಲುತ್ತ ಮೀನು, ಹವಳಗಳನ್ನು ನೋಡುವ ಹವ್ಯಾಸದತ್ತ ಆಕರ್ಷಿತವಾಗುತ್ತಿವೆ. ಇದಕ್ಕೆ ಬೇಕಾಗುವ ಮುಖ್ಯ ಸಾಧನಗಳಲ್ಲಿ ಒಂದು ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆ.

ನೋಡಲು ಇದು ಆಟಿಕೆಯಂತಿದೆ. ಆದರೆ ನೀರಿನಲ್ಲಿರುವಷ್ಟು ಹೊತ್ತು ಮನುಷ್ಯನ ಪ್ರತಿಯೊಂದು ಉಸಿರೂ ಇದರ ಮೂಲಕವೇ ಹಾದುಹೋಗಬೇಕು. ಆದ್ದರಿಂದ ಇದನ್ನು ಆರಿಸುವಾಗ ಬಣ್ಣ, ಬೆಲೆ ಅಥವಾ ಜಾಹೀರಾತಿನ ಮಾತಿಗಿಂತ ಉಸಿರಾಟದ ನಿಯಮಗಳಿಗೆ ಹೆಚ್ಚು ಗಮನ ಕೊಡಬೇಕು. ಆ ನಿಯಮಗಳನ್ನು ತಿಳಿದವರಿಗೆ ಆಯ್ಕೆ ಸುಲಭವಾಗುತ್ತದೆ.

ಆನೆಯ ಸೊಂಡಿಲು, ಮನುಷ್ಯನ ಕೊಳವೆ

ಕಬಿನಿಯ ಹಿನ್ನೀರಿನಲ್ಲಿ ಆನೆಗಳು ಈಜುವುದನ್ನು ನೋಡಿದವರಿಗೆ ಸ್ನಾರ್ಕೆಲಿನ ತತ್ತ್ವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ದೇಹವೆಲ್ಲ ನೀರಿನಲ್ಲಿ ಮುಳುಗಿದ್ದರೂ ಸೊಂಡಿಲಿನ ತುದಿ ಮೇಲಿರುತ್ತದೆ. ಆನೆ ಅದರ ಮೂಲಕ ಉಸಿರಾಡುತ್ತದೆ. ಕ್ರಿ.ಪೂ. 4ನೆಯ ಶತಮಾನದಲ್ಲಿಯೇ ಗ್ರೀಕ್ ಪಂಡಿತ ಅರಿಸ್ಟಾಟಲನು ಸೊಂಡಿಲನ್ನು ಮುಳುಗುಗಾರರ ಉಸಿರಾಟದ ಸಾಧನಕ್ಕೆ ಹೋಲಿಸಿದ್ದಾನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ನೀರಿನ ಮೇಲಿನಿಂದ ಗಾಳಿ ಎಳೆದುಕೊಳ್ಳಲು ಬಳಸಿದ ಕೊಳವೆಯ ಹೆಸರೇ ಮುಂದೆ ಈಜುಗಾರರ ಕೊಳವೆಗೂ ಬಂದಿತು.

ಆದರೆ ಆನೆಗೂ ಮನುಷ್ಯನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮನುಷ್ಯನ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ದ್ರವದಿಂದ ತೇವಗೊಂಡ ತೆಳುವಾದ ಎಡೆಯಿದೆ. ಆನೆಯಲ್ಲಿ ಈ ಎಡೆ ಗಟ್ಟಿಯಾದ ಅಂಗಾಂಶದಿಂದ ತುಂಬಿದ್ದು, ಶ್ವಾಸಕೋಶವು ಎದೆಗೂಡಿಗೆ ಅಂಟಿಕೊಂಡಿರುತ್ತದೆ. ನೀರಿನ ಆಳದಿಂದ ಸೊಂಡಿಲಿನ ಮೂಲಕ ಉಸಿರೆಳೆಯುವಾಗ ಉಂಟಾಗುವ ಒತ್ತಡವನ್ನು ತಾಳಿಕೊಳ್ಳಲು ಈ ರಚನೆ ನೆರವಾಗುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಮನುಷ್ಯನಿಗೆ ಈ ಅನುಕೂಲವಿಲ್ಲ. ಆತನ ಕೊಳವೆ ಗಿಡ್ಡವಾಗಿಯೇ ಇರಬೇಕು.

ಕೊಳವೆ ಉದ್ದವಾದರೆ ಏನಾಗುತ್ತದೆ?

ಗಿಡ್ಡ ಕೊಳವೆಯಿಂದ ಮೇಲ್ಮೈಯಲ್ಲಿ ತೇಲಬಹುದಾದರೆ, ತೋಟಕ್ಕೆ ನೀರು ಹಾಯಿಸುವ ಉದ್ದನೆಯ ಪೈಪಿನಿಂದ ಇನ್ನೂ ಆಳದಲ್ಲಿ ಉಸಿರಾಡಬಹುದಲ್ಲವೇ ಎಂಬ ಯೋಚನೆ ಮಕ್ಕಳಿಗೆ ಸಹಜವಾಗಿ ಬರುತ್ತದೆ. ಕೆಲವು ದೊಡ್ಡವರಿಗೂ ಬರುವುದುಂಟು. ಇದು ಪ್ರಾಣಾಪಾಯದ ಯೋಚನೆ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ನೀರಿನ ಒತ್ತಡ. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 100 ಗ್ರಾಂ ಭಾರದಷ್ಟು ಹೆಚ್ಚಿನ ಒತ್ತಡ ಹಾಕುತ್ತದೆ. ಎದೆಯ ಮುಂಭಾಗವನ್ನು 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಚೌಕವೆಂದು ಎಣಿಸಿದರೆ, ಅದರ ಮೇಲೆ ಬೀಳುವ ಭಾರ 90 ಕಿಲೋಗ್ರಾಂ. ಎಂದರೆ, ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ಅಕ್ಕಿಯ ಮೂಟೆಯನ್ನು ಎದೆಯ ಮೇಲಿರಿಸಿಕೊಂಡು ಉಸಿರೆಳೆದಂತೆ. ಕೊಳವೆಯಲ್ಲಿರುವ ಗಾಳಿಯಾದರೋ ಮೇಲ್ಮೈಯ ಸಾಮಾನ್ಯ ಒತ್ತಡದಲ್ಲಿಯೇ ಇರುತ್ತದೆ. ಒಳಗಿನಿಂದ ಎದೆಗೆ ಆಸರೆ ಕೊಡುವುದಿಲ್ಲ. ಉಸಿರಾಟದ ಸ್ನಾಯುಗಳು ಬೇಗ ಸೋಲುತ್ತವೆ, ಶ್ವಾಸಕೋಶಕ್ಕೂ ಹಾನಿಯಾಗಬಹುದು.

ಎರಡನೆಯದು ಬಳಸಿದ ಗಾಳಿಯ ಸಮಸ್ಯೆ. ವಿಶ್ರಾಂತಿಯಲ್ಲಿರುವ ವಯಸ್ಕನೊಬ್ಬ ಒಂದು ಉಸಿರಿಗೆ ಸುಮಾರು 500 ಮಿ.ಲೀ. ಗಾಳಿಯನ್ನು ಎಳೆದುಕೊಳ್ಳುತ್ತಾನೆ. ಇದರಲ್ಲಿ ಸುಮಾರು 150 ಮಿ.ಲೀ. ಗಂಟಲು ಮತ್ತು ಶ್ವಾಸನಾಳಗಳಲ್ಲಿಯೇ ಉಳಿಯುತ್ತದೆ. ಅದು ರಕ್ತಕ್ಕೆ ಆಮ್ಲಜನಕ ಕೊಡುವ ಸ್ಥಳವನ್ನು ತಲುಪುವುದಿಲ್ಲ. ಕೊಳವೆಯೊಂದನ್ನು ಕಚ್ಚಿಕೊಂಡಾಗ ಅದರ ಒಳಗಿನ ಜಾಗವೂ ಈ ಲೆಕ್ಕಕ್ಕೆ ಸೇರುತ್ತದೆ. ಪ್ರತಿ ಸಲವೂ ಈಗತಾನೆ ಹೊರಬಿಟ್ಟು ಕೊಳವೆಯಲ್ಲಿ ಉಳಿದ ಗಾಳಿಯೇ ಮೊದಲು ಒಳಕ್ಕೆ ಮರಳುತ್ತದೆ.

ಒಳವ್ಯಾಸ 2 ಸೆಂ.ಮೀ., ಉದ್ದ 38 ಸೆಂ.ಮೀ. ಇರುವ ಕೊಳವೆಯಲ್ಲಿ ಸುಮಾರು 120 ಮಿ.ಲೀ. ಗಾಳಿ ಹಿಡಿಯುತ್ತದೆ. ಆಗ 500 ಮಿ.ಲೀ. ಉಸಿರಿನಲ್ಲಿ ಪ್ರಯೋಜನಕ್ಕೆ ಬರುವ ತಾಜಾ ಗಾಳಿ 230 ಮಿ.ಲೀ. ಅದೇ ಕೊಳವೆಯನ್ನು ಇಮ್ಮಡಿ ಉದ್ದ ಮಾಡಿದರೆ ಉಳಿಯುವುದು 110 ಮಿ.ಲೀ. ಮಾತ್ರ. ಇನ್ನೂ ಉದ್ದ ಮಾಡಿದರೆ ಮನುಷ್ಯ ತಾನು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಸೇವಿಸುತ್ತಾನೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ತಲೆನೋವು, ಏದುಸಿರು, ಗಾಬರಿ, ಕೊನೆಗೆ ಪ್ರಜ್ಞೆ ತಪ್ಪುವುದು, ಹೀಗೆ ಒಂದರ ಹಿಂದೆ ಒಂದು ಬರುತ್ತವೆ.

ಯುರೋಪಿನ ದೇಶಗಳು ಸ್ನಾರ್ಕೆಲ್‌ಗಳಿಗಾಗಿ ರೂಪಿಸಿಕೊಂಡಿರುವ ಮಾನಕದ ಹೆಸರು ಇ.ಎನ್. 1972. ಇಲ್ಲಿ 1972 ಎಂಬುದು ಇಸವಿಯಲ್ಲ, ಮಾನಕದ ಕ್ರಮಸಂಖ್ಯೆ. ಅದರ ಪ್ರಕಾರ ವಯಸ್ಕರ ಕೊಳವೆಯ ಉದ್ದ 38 ಸೆಂ.ಮೀ. ಹಾಗೂ ಒಳಗಾತ್ರ 230 ಮಿ.ಲೀ. ಮೀರಬಾರದು. ಕುಳ್ಳಗಿನವರ ಮತ್ತು ಮಕ್ಕಳ ಕೊಳವೆಗೆ ಈ ಮಿತಿ 35 ಸೆಂ.ಮೀ. ಮತ್ತು 150 ಮಿ.ಲೀ. ಪೊಟ್ಟಣದ ಮೇಲೆ ಈ ಮಾನಕದ ಉಲ್ಲೇಖವಿದ್ದರೆ ಒಳ್ಳೆಯದು. ಇಲ್ಲವಾದರೆ ಅಳತೆಪಟ್ಟಿಯಿಂದ ಉದ್ದವನ್ನಾದರೂ ಅಳೆದು ನೋಡಬೇಕು.

ಅಗಲದ ಪ್ರಶ್ನೆ

ಉದ್ದದಂತೆ ಒಳವ್ಯಾಸಕ್ಕೂ ಮಿತಿಯಿದೆ. ಕೊಳವೆ ಕಿರಿದಾದಂತೆ ಗಾಳಿಯ ಹರಿವಿಗೆ ತಡೆ ಬಹಳ ವೇಗವಾಗಿ ಹೆಚ್ಚುತ್ತದೆ. ಗಾಳಿ ಸುಗಮವಾಗಿ ಹರಿಯುವಾಗಲೂ ವ್ಯಾಸ ಅರ್ಧವಾದರೆ ತಡೆ 16 ಪಟ್ಟಾಗುತ್ತದೆ. ಹಾಗೆಂದು ಬಹಳ ಅಗಲವಾದ ಕೊಳವೆಯೂ ಒಳ್ಳೆಯದಲ್ಲ. ಒಳವ್ಯಾಸ 3 ಸೆಂ.ಮೀ. ಆದರೆ 38 ಸೆಂ.ಮೀ. ಉದ್ದದ ಕೊಳವೆಯಲ್ಲಿ ಸುಮಾರು 268 ಮಿ.ಲೀ. ಬಳಸಿದ ಗಾಳಿ ನಿಲ್ಲುತ್ತದೆ. ನೀರು ತುಂಬಿದರೆ ಅದನ್ನು ಊದಿ ಹೊರಹಾಕುವುದೂ ಕಷ್ಟ. ಸಾಮಾನ್ಯ ಮೈಕಟ್ಟಿನ ವಯಸ್ಕರಿಗೆ 2 ಸೆಂ.ಮೀ. ಅಥವಾ ಅದಕ್ಕಿಂತ ತುಸು ಹೆಚ್ಚಿನ ಒಳವ್ಯಾಸ ಸಾಕು. ಹೆಬ್ಬೆರಳು ಸರಾಗವಾಗಿ ಒಳಹೋಗುವಷ್ಟು ಎಂಬುದು ಅಂದಾಜಿನ ಅಳತೆ.

ಮಾರುಕಟ್ಟೆಯಲ್ಲಿ ದೊರೆಯುವ ವಿಧಗಳು

ಸರಳ ಕೊಳವೆ: ಇಂಗ್ಲಿಷಿನ ‘ಜೆ’ ಅಕ್ಷರದಂತೆ ಬಾಗಿದ ಕೊಳವೆ ಮತ್ತು ಬಾಯಲ್ಲಿ ಕಚ್ಚಿಕೊಳ್ಳುವ ಮೌತ್‌ಪೀಸ್, ಇಷ್ಟೇ ಇದರ ಭಾಗಗಳು. ಕವಾಟವಿಲ್ಲ, ಆದ್ದರಿಂದ ಕೆಡುವ ಭಾಗವೂ ಇಲ್ಲ. ಅಲೆಯ ನೀರು ಒಳಬಂದರೆ ಬಲವಾಗಿ ಊದಿ ಹೊರಹಾಕಬೇಕು. ಈ ಕೌಶಲ್ಯವನ್ನು ಮೊದಲೇ ಕಲಿತಿರಬೇಕು.

ಕೆಳಕವಾಟದ ಕೊಳವೆ: ಮೌತ್‌ಪೀಸಿನ ಕೆಳಗೆ ನೀರನ್ನು ಹೊರಗೆ ಮಾತ್ರ ಬಿಡುವ ತೆಳುವಾದ ಸಿಲಿಕೋನ್ ಕವಾಟವಿರುತ್ತದೆ. ಊದಿದಾಗ ನೀರು ಕೆಳಗಿನಿಂದಲೇ ಹೊರಬೀಳುವುದರಿಂದ ಶ್ರಮ ಕಡಿಮೆ. ಆದರೆ ಒಂದು ಮರಳಿನ ಕಣ ಕವಾಟದಲ್ಲಿ ಸಿಕ್ಕಿದರೂ ನೀರು ಒಳಕ್ಕೆ ಜಿನುಗುತ್ತದೆ.

ತುದಿಗೆ ಮರೆಯಿರುವ ಕೊಳವೆ: ಮೇಲಿನ ತುದಿಯಲ್ಲಿ ಸೀಳುಗಳುಳ್ಳ ಮುಚ್ಚಳವಿದ್ದು, ಸಿಡಿಯುವ ಹನಿಗಳನ್ನು ತಡೆಯುತ್ತದೆ. ಪೂರ್ಣವಾಗಿ ಮುಳುಗಿದರೆ ನೀರು ಒಳಬರುತ್ತದೆ. ಕೆಳಕವಾಟದೊಂದಿಗೆ ಸೇರಿ ಬರುವ ಈ ಬಗೆ ಹೆಚ್ಚು ಬಳಕೆಯಲ್ಲಿದೆ.

ಒಣ ಕೊಳವೆ: ತುದಿಯಲ್ಲಿ ತೇಲುವ ಬಿರಡೆಯಿದ್ದು, ಮುಳುಗಿದೊಡನೆ ದಾರಿಯನ್ನು ಮುಚ್ಚುತ್ತದೆ. ನೀರು ಬಾರದೆಂಬ ಭರವಸೆ ಹೊಸಬರಿಗೆ ಹಿತವೆನಿಸುತ್ತದೆ. ಆದರೆ ಅಲೆಯೊಂದು ತಾಗಿ ಬಿರಡೆ ಮುಚ್ಚಿದ ಕ್ಷಣದಲ್ಲಿಯೇ ಉಸಿರೆಳೆದರೆ ಗಾಳಿಯೂ ಬರುವುದಿಲ್ಲ. ಬಿರಡೆ ಮರಳಿನಿಂದ ಅಥವಾ ಒಣಗಿದ ಉಪ್ಪಿನಿಂದ ಅಂಟಿಕೊಂಡರಂತೂ ಗಾಬರಿ ಖಂಡಿತ. ನೀರು ಊದಿ ತೆಗೆಯುವುದನ್ನು ಕಲಿಯದೆ ಇದನ್ನೇ ನಂಬಿದವರು ಆಗ ದಿಕ್ಕು ತೋಚದೆ ನಿಲ್ಲುತ್ತಾರೆ.

ಇಡೀ ಮುಖ ಮುಚ್ಚುವ ಮಾಸ್ಕ್: 2014ರ ನಂತರ ಜನಪ್ರಿಯವಾದ ಈ ಬಗೆಯಲ್ಲಿ ಮೂಗಿನಿಂದಲೂ ಉಸಿರಾಡಬಹುದು. ಒಳಭಾಗ ಮುಖಕ್ಕೆ ಸರಿಯಾಗಿ ಹೊಂದದಿದ್ದರೆ ಬಿಟ್ಟ ಉಸಿರು ತಾಜಾ ಗಾಳಿಯೊಡನೆ ಬೆರೆಯುತ್ತದೆ. ಗಡ್ಡವಿರುವವರಿಗೆ ಅಂಚು ಕೂಡುವುದಿಲ್ಲ. ತೊಂದರೆಯಾದಾಗ ಕೊಳವೆಯನ್ನು ಬಾಯಿಂದ ಉಗುಳಿದಂತೆ ಇದನ್ನು ತಟ್ಟನೆ ತೆಗೆಯಲಾಗದು. ಮೂಗು ಹಿಡಿದು ಕಿವಿಯ ಒತ್ತಡವನ್ನು ಸರಿಪಡಿಸಿಕೊಳ್ಳಲು ಬಾರದಿರುವುದರಿಂದ ಮುಳುಗುವುದಕ್ಕೂ ತಕ್ಕುದಲ್ಲ. ಕಲಿಯುವವರ ಮೊದಲ ಸಾಧನವಾಗಿ ಇದನ್ನು ಕೊಳ್ಳದಿರುವುದು ಲೇಸು.

ಮುಖದ ನಡುವೆ, ಹಣೆಯ ಮೇಲಿನಿಂದ ಹಾದುಹೋಗುವ ಕೊಳವೆಗಳನ್ನೂ ಕ್ರೀಡಾ ಸಾಮಗ್ರಿಗಳ ಅಂಗಡಿಗಳಲ್ಲಿ ಕಾಣಬಹುದು. ಅವು ಈಜುಕೊಳದಲ್ಲಿ ತರಬೇತಿ ಪಡೆಯುವ ಸ್ಪರ್ಧಾಳುಗಳಿಗಾಗಿ ಇರುವಂಥವು.

ಇವೆಲ್ಲವನ್ನೂ ತೂಗಿನೋಡಿದರೆ, ಹೊಸಬರಿಗೆ ಸರಳ ಕೊಳವೆ ಅಥವಾ ಕೆಳಕವಾಟ ಹಾಗೂ ತುದಿಯ ಮರೆ ಮಾತ್ರವಿರುವ ಕೊಳವೆ ಉತ್ತಮವೆಂದು ಹೇಳಬಹುದು. ಸಾಧನ ಸರಳವಾದಷ್ಟೂ ಕೈಕೊಡುವ ಭಾಗಗಳು ಕಡಿಮೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ದಕ್ಷಿಣ ಮುಂಬಯಿಯ ಧೋಬಿ ತಲಾವ್ ಪ್ರದೇಶವು ಕ್ರೀಡಾ ಸಾಮಗ್ರಿಗಳ ಅಂಗಡಿಗಳಿಗೆ ಹೆಸರಾದುದು. ಉಪನಗರಗಳಲ್ಲಿಯೂ ಇಂತಹ ಅಂಗಡಿಗಳಿವೆ. ಮನೆಯಲ್ಲಿ ಕುಳಿತು ತರಿಸಿಕೊಳ್ಳುವ ಅನುಕೂಲ ಇಂದು ಇದ್ದರೂ, ಮೊದಲ ಕೊಳವೆಯನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದೇ ಮೇಲು.

ಮೌತ್‌ಪೀಸ್ ಮೃದುವಾದ ಸಿಲಿಕೋನಿನದಾಗಿರಬೇಕು. ಅಗ್ಗದ ಗಡಸು ಪ್ಲಾಸ್ಟಿಕ್ ಒಸಡನ್ನು ಉಜ್ಜುತ್ತದೆ. ಅಂಗಡಿಯವರ ಒಪ್ಪಿಗೆ ಪಡೆದು, ಶುದ್ಧಗೊಳಿಸಿದ ಮೌತ್‌ಪೀಸನ್ನು ಬಾಯಲ್ಲಿಟ್ಟುಕೊಂಡು ತುಟಿಗಳನ್ನು ಮುಚ್ಚಬೇಕು. ಹಲ್ಲಿನಿಂದ ಬಲವಾಗಿ ಕಚ್ಚದೆಯೂ ಅದು ನಿಲ್ಲಬೇಕು. ಐದು ನಿಮಿಷಗಳಲ್ಲಿ ದವಡೆ ನೋಯತೊಡಗಿದರೆ ಅದು ಆ ಬಾಯಿಗೆ ಹೊಂದುವಂಥದಲ್ಲ. ಅನಂತರ ಮೇಲಿನ ತುದಿಯನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರೆಳೆಯಬೇಕು. ಗಾಳಿ ಬಂದರೆ ಕವಾಟ ಅಥವಾ ಬೆಸುಗೆಯಲ್ಲಿ ಸೋರಿಕೆಯಿದೆ ಎಂದರ್ಥ. ತುದಿಯಲ್ಲಿ ಗಾಳಿಯ ದಾರಿಯನ್ನೇ ಮುಚ್ಚಲಾಗದ ಸೀಳುಗಳಿದ್ದರೆ ಅವುಗಳ ಮೇಲೆ ಕೈ ಸುತ್ತಿ ಹಿಡಿಯಬೇಕು.

ಮೆದುವಾದ ಸುಕ್ಕುಗಟ್ಟಿದ ಭಾಗವುಳ್ಳ ಕೊಳವೆ ಮುಖಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಅದರ ಒಳಭಾಗ ನುಣುಪಾಗಿರದಿದ್ದರೆ ಮಡಿಕೆಗಳಲ್ಲಿ ನೀರು ನಿಂತು ಗುಳುಗುಳು ಎನ್ನುತ್ತದೆ. ಕೊಳವೆಯ ತುದಿ ಕೆಂಪು, ಕಿತ್ತಳೆ ಅಥವಾ ಹಳದಿಯಂತಹ ಎದ್ದುಕಾಣುವ ಬಣ್ಣದ್ದಾಗಿದ್ದರೆ ದೋಣಿಯವರಿಗೆ ದೂರದಿಂದಲೇ ತಿಳಿಯುತ್ತದೆ. ಕಣ್ಣು, ಮೂಗುಗಳನ್ನು ಮುಚ್ಚುವ ಮಾಸ್ಕನ್ನೂ ಜೊತೆಗೇ ಆರಿಸಬೇಕು. ಪಟ್ಟಿಯನ್ನು ತಲೆಗೆ ಹಾಕದೆ, ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದು ಕೈಬಿಟ್ಟಾಗ ಮಾಸ್ಕ್ ಬೀಳದೆ ನಿಂತರೆ ಅದು ಆ ಮುಖಕ್ಕೆ ಸರಿ. ಕೊಳವೆಯನ್ನು ವಾಡಿಕೆಯಂತೆ ಎಡಗಡೆ ಪಟ್ಟಿಗೆ ಸಿಕ್ಕಿಸಲಾಗುತ್ತದೆ.

ಮಕ್ಕಳಿಗೆ ದೊಡ್ಡವರ ಕೊಳವೆ ಬೇಡ

ಬೆಳೆಯುವ ಮಗು, ಎರಡು ವರ್ಷ ಬಳಕೆಗೆ ಬರಲಿ ಎಂದು ದೊಡ್ಡ ಅಳತೆಯ ಅಂಗಿ, ಚಪ್ಪಲಿ ಕೊಳ್ಳುವುದು ಮನೆಮನೆಯ ರೂಢಿ. ಸ್ನಾರ್ಕೆಲ್ ವಿಷಯದಲ್ಲಿ ಈ ರೂಢಿ ಅಪಾಯಕಾರಿ. 25 ಕಿಲೋಗ್ರಾಂ ತೂಕದ ಮಗು ಒಂದು ಉಸಿರಿಗೆ ಎಳೆಯುವ ಗಾಳಿ ಸುಮಾರು 200 ಮಿ.ಲೀ. ಅದರ ಶ್ವಾಸನಾಳಗಳಲ್ಲಿ 50 ಮಿ.ಲೀ. ಉಳಿಯುತ್ತದೆ. ವಯಸ್ಕರ ಕೊಳವೆಯಲ್ಲಿ 120 ಮಿ.ಲೀ. ಉಳಿದರೆ ಆ ಮಗುವಿಗೆ ಸಿಕ್ಕುವ ತಾಜಾ ಗಾಳಿ 30 ಮಿ.ಲೀ. ಮಾತ್ರ. ಮಕ್ಕಳಿಗಾಗಿಯೇ ತಯಾರಿಸಿದ, ಸಣ್ಣ ಮೌತ್‌ಪೀಸಿನ ಕೊಳವೆಯನ್ನೇ ಕೊಡಿಸಬೇಕು. ಹಿರಿಯರೊಬ್ಬರು ಕೈಗೆಟಕುವ ಅಂತರದಲ್ಲಿರಬೇಕು.

ಮೊದಲ ಪಾಠ ಈಜುಕೊಳದಲ್ಲಿ

ಮುಂಬಯಿಯ ತೀರದ ನೀರು ಈ ಕಲಿಕೆಗೆ ತಕ್ಕುದಲ್ಲ. ಖಾರಿಗಳೂ ನದಿಗಳೂ ತರುವ ಕೆಸರು ಹಾಗೂ ನಗರದ ಕೊಳಚೆಯಿಂದ ನೀರು ಬಹುಪಾಲು ದಿನ ಕಲಕಿರುತ್ತದೆ. ದೊಡ್ಡ ಭರತದ ದಿನಗಳಲ್ಲಿ ನೀರಿನ ಮಟ್ಟ 4.5 ಮೀಟರ್ ಮೀರುವುದುಂಟು. ಇಳಿತದ ಸೆಳೆತವೂ ಅಷ್ಟೇ ಬಲವಾದುದು. ಮಳೆಗಾಲದಲ್ಲಿ ಜುಹು, ಅಕ್ಸಾ ತೀರಗಳಲ್ಲಿ ಈಜುಬಲ್ಲವರೂ ಪ್ರಾಣ ಕಳೆದುಕೊಂಡಿದ್ದಾರೆ.

ಅಭ್ಯಾಸಕ್ಕೆ ನಗರದಲ್ಲಿ ಈಜುಕೊಳಗಳಿವೆ. ದಾದರಿನ ಶಿವಾಜಿ ಪಾರ್ಕ್ ಬಳಿಯ ಮಹಾತ್ಮಾ ಗಾಂಧಿ ಸ್ಮಾರಕ ಈಜುಕೊಳ ಬಹುಕಾಲದಿಂದ ಪ್ರಸಿದ್ಧವಾದುದು. ಅಂಧೇರಿ, ಚೆಂಬೂರು, ಮುಲುಂಡ್, ಕಾಂದಿವಲಿಗಳಲ್ಲಿಯೂ ಸಾರ್ವಜನಿಕ ಕೊಳಗಳಿವೆ. ಕೊಳವೆ ಬಳಸಲು ತರಬೇತುದಾರರ ಅನುಮತಿ ಪಡೆದು, ಜೀವರಕ್ಷಕರ ಕಣ್ಣಳತೆಯಲ್ಲಿ ಅಭ್ಯಾಸ ಮಾಡಬೇಕು. ಈಜು ಬಾರದವರು ಮೊದಲು ಈಜು ಕಲಿಯಬೇಕು. ಕೊಳವೆ ಈಜಿಗೆ ಬದಲಿಯಲ್ಲ.

ಅಭ್ಯಾಸವನ್ನು ಎದೆಮಟ್ಟದ ನೀರಿನಲ್ಲಿ ಆರಂಭಿಸಬೇಕು. ಮೊದಲು ನಿಂತಲ್ಲಿಯೇ ಮುಖವನ್ನು ನೀರಿಗಿಳಿಸಿ ಬಾಯಿಂದ ಉಸಿರಾಡಬೇಕು. ಮೂಗಿನಿಂದ ಉಸಿರಾಡುವ ಜನ್ಮದ ಅಭ್ಯಾಸ ಬಿಡಲು ಕೆಲವು ದಿನ ಹಿಡಿಯಬಹುದು. ಬಳಿಕ ಕೊಳವೆಯೊಳಗೆ ಬೇಕೆಂದೇ ನೀರು ಬಿಟ್ಟುಕೊಂಡು, ‘ಟೂ’ ಎಂದು ಒಂದೇ ಬಿರುಸಿನಲ್ಲಿ ಊದಿ ಹೊರಹಾಕಬೇಕು. ಊದಿದ ಮೇಲೆ ಮೊದಲ ಉಸಿರನ್ನು ಮೆಲ್ಲಗೆ ಎಳೆಯಬೇಕು. ಹನಿಗಳು ಉಳಿದಿದ್ದರೆ ಆಗ ತಿಳಿಯುತ್ತದೆ. ಇದಕ್ಕಾಗಿ ಶ್ವಾಸಕೋಶದಲ್ಲಿ ಯಾವಾಗಲೂ ಸ್ವಲ್ಪ ಗಾಳಿಯನ್ನು ಉಳಿಸಿಕೊಂಡಿರಬೇಕು. ಸತತ ಇಪ್ಪತ್ತು ಬಾರಿ ಗಾಬರಿಯಿಲ್ಲದೆ ಇದನ್ನು ಮಾಡಬಲ್ಲವರು ಮೊದಲ ಪಾಠದಲ್ಲಿ ತೇರ್ಗಡೆಯಾದಂತೆ.

ಉಸಿರು ನಿಧಾನವಾಗಿಯೂ ಆಳವಾಗಿಯೂ ಇರಬೇಕು. ಮೇಲೆ ಹೇಳಿದ ಕೊಳವೆಯಲ್ಲಿ 500 ಮಿ.ಲೀ.ನಂತೆ ನಿಮಿಷಕ್ಕೆ 15 ಬಾರಿ ಉಸಿರಾಡಿದರೆ ಪ್ರಯೋಜನಕ್ಕೆ ಬರುವ ತಾಜಾ ಗಾಳಿ ಸುಮಾರು ಮೂರೂವರೆ ಲೀಟರ್. 1,000 ಮಿ.ಲೀ.ನಂತೆ 8 ಬಾರಿ ಉಸಿರಾಡಿದರೆ ಅದು ಸುಮಾರು 5.8 ಲೀಟರ್. ಎಳೆದ ಒಟ್ಟು ಗಾಳಿ ಎರಡು ಬಾರಿಯೂ ಹೆಚ್ಚುಕಡಿಮೆ ಒಂದೇ. ಸಿಕ್ಕುವ ಫಲ ಬೇರೆ. ಏದುಸಿರು ಬಿಡುವವನಿಗೆ ಕೊಳವೆ ಸಾಲದೆನಿಸುವುದು ಈ ಕಾರಣದಿಂದಲೇ.

ಕಡಲಿಗೆ ಇಳಿಯುವ ಮುನ್ನ

ಕೊಳದ ಅಭ್ಯಾಸ ಮುಗಿಸಿದ ಮುಂಬಯಿವಾಸಿಗಳಿಗೆ ಹತ್ತಿರದ ಅನುಕೂಲ ಸ್ಥಳ ಸಿಂಧುದುರ್ಗ ಜಿಲ್ಲೆಯ ಮಾಲವಣ. 1987ರಲ್ಲಿ ಇಲ್ಲಿ ಸಾಗರ ಅಭಯಾರಣ್ಯವನ್ನು ಘೋಷಿಸಲಾಯಿತು. ಶಿವಾಜಿ ಮಹಾರಾಜರು ಕಟ್ಟಿಸಿದ ಸಿಂಧುದುರ್ಗ ಕೋಟೆಯ ಸುತ್ತಲಿನ ಬಂಡೆಗಳ ನಡುವೆ ಹವಳಗಳೂ ಬಣ್ಣದ ಮೀನುಗಳೂ ಇವೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗದಿಂದ ಪ್ರಯಾಣ ಸುಗಮವಾಗಿದೆ. ಅದೇ ಮಾರ್ಗದಲ್ಲಿ ಊರಿಗೆ ಹೋಗುವ ಕನ್ನಡಿಗರಿಗೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪವೂ ಪರಿಚಿತ. ಆದರೆ ಅದು ತೀರದಿಂದ ದೂರದ, ಆಳವಾದ ನೀರು. ಅನುಭವ ಬಂದ ಮೇಲೆ ಹೋಗತಕ್ಕದ್ದು. ಮುಂಗಾರಿನ ತಿಂಗಳುಗಳಲ್ಲಿ ಎಲ್ಲಿಯೂ ಕಡಲಿಗಿಳಿಯಬಾರದು.

ಒಬ್ಬರೇ ಇಳಿಯಬಾರದು; ಜೊತೆಗಾರರು ಪರಸ್ಪರ ಕಣ್ಣಿಗೆ ಕಾಣುತ್ತಿರಬೇಕು. ಕಡಲಿನ ಮೊದಲ ದಿನಗಳಲ್ಲಿ ತೇಲುವ ಅಂಗಿ ಕಡ್ಡಾಯ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯುಳ್ಳವರು ವೈದ್ಯರ ಸಲಹೆ ಪಡೆಯಬೇಕು. ಮದ್ಯ ಸೇವಿಸಿ ನೀರಿಗಿಳಿಯುವುದು ಸಲ್ಲದು. ಉಸಿರು ಕಷ್ಟವೆನಿಸಿದರೆ ಮುಖ ಮೇಲೆತ್ತಿ, ಕೊಳವೆಯನ್ನು ಉಗುಳಿ, ಬೆನ್ನಮೇಲೆ ತೇಲುತ್ತ ಕೈಬೀಸಿ ನೆರವು ಕೇಳಬೇಕು. ಹೆಚ್ಚು ಹೊತ್ತು ಮುಳುಗಿರುವ ಹಟಕ್ಕೆ ಬಿದ್ದು, ಮುಳುಗುವ ಮುನ್ನ ಬೇಗಬೇಗ ಹಲವು ಬಾರಿ ಉಸಿರಾಡುವುದು ಅತ್ಯಂತ ಅಪಾಯಕರ. ಇದರಿಂದ ದೇಹದ ಆಮ್ಲಜನಕ ಹೆಚ್ಚುವುದಿಲ್ಲ; ಉಸಿರು ಬೇಕೆಂದು ಎಚ್ಚರಿಸುವ ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ಎಚ್ಚರಿಕೆ ಬರುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಕಡಲಿನಲ್ಲಿ ಅವಘಡವಾದರೆ ಭಾರತೀಯ ಕರಾವಳಿ ರಕ್ಷಣಾ ಪಡೆಯ 1554 ಅಥವಾ ತುರ್ತು ಸೇವೆಯ 112 ಸಂಖ್ಯೆಗೆ ಕರೆಮಾಡಬೇಕು.

ಹವಳವನ್ನು ಮುಟ್ಟುವುದಾಗಲಿ ಮುರಿಯುವುದಾಗಲಿ ಕೂಡದು. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಮುಂಬಯಿಯ ಕಲಕು ನೀರಿನಲ್ಲಿಯೂ ಅವು ಬದುಕಿವೆ. ಕರಾವಳಿ ರಸ್ತೆಯ ಕಾಮಗಾರಿಗಾಗಿ 2020ರಲ್ಲಿ ವರ್ಲಿ ಮತ್ತು ಹಾಜಿ ಅಲಿಯ ಹವಳಗಳನ್ನು ಸ್ಥಳಾಂತರಿಸಲಾಯಿತು.

ಪ್ರತಿ ಬಳಕೆಯ ನಂತರ ಕೊಳವೆಯನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಸಿಲಿಕೋನೂ ಪ್ಲಾಸ್ಟಿಕ್ಕೂ ಬೇಗ ಹಾಳಾಗುತ್ತವೆ. ಮೌತ್‌ಪೀಸಿನಲ್ಲಿ ಬಿರುಕು ಕಂಡರೆ ಬದಲಾಯಿಸಬೇಕು. ಒಬ್ಬರು ಕಚ್ಚಿದ ಕೊಳವೆಯನ್ನು ತೊಳೆಯದೆ ಇನ್ನೊಬ್ಬರು ಬಳಸಬಾರದು.

ನೆನಪಿಡಬೇಕಾದ ಅಂಶಗಳು

1. ಕೊಳವೆಯ ಉದ್ದ 38 ಸೆಂ.ಮೀ. ಮೀರಬಾರದು. ಅದನ್ನು ಎಂದಿಗೂ ಉದ್ದಗೊಳಿಸಬಾರದು.
2. ಒಳವ್ಯಾಸ ಸುಮಾರು 2 ಸೆಂ.ಮೀ. ಅಥವಾ ತುಸು ಹೆಚ್ಚಿರಲಿ.
3. ಮೌತ್‌ಪೀಸ್ ಮೃದುವಾಗಿದ್ದು, ದವಡೆಗೆ ಆಯಾಸ ತರದಂತಿರಲಿ.
4. ಮಕ್ಕಳಿಗೆ ಮಕ್ಕಳ ಅಳತೆಯ ಕೊಳವೆಯೇ ಬೇಕು.
5. ಕೊಳದಲ್ಲಿ ನೀರು ಊದಿ ತೆಗೆಯುವುದನ್ನು ಕಲಿತ ಮೇಲೆಯೇ ಕಡಲಿಗೆ ಇಳಿಯಬೇಕು.

ಸರಿಯಾದ ಕೊಳವೆ ಬಾಯಲ್ಲಿದ್ದರೆ ಅದರ ಇರವೇ ಮರೆತುಹೋಗುತ್ತದೆ. ಗಮನವೆಲ್ಲ ಕೆಳಗಿನ ಮೀನುಗಳ ಮೇಲಿರುತ್ತದೆ. ಆ ನೆಮ್ಮದಿಯನ್ನು ತರುವುದು ದುಬಾರಿ ಬೆಲೆಯಲ್ಲ, ತಿಳಿದು ಮಾಡಿದ ಆಯ್ಕೆ ಮತ್ತು ತಾಳ್ಮೆಯ ಅಭ್ಯಾಸ.